ಬೈಯುವವನ ವಿಳಾಸ

ನಮ್ಮ ಮನೆಯಲ್ಲಿ ಸಂಬಳ ತರುವವರು ಇಬ್ಬರು. ಚಂಡಮಾರುತ ಬಂದಾಗ ಮನೆ ಬಿಟ್ಟು ಹೋಗಬೇಕಾದವರೂ ಅದೇ ಇಬ್ಬರು. ನಾನು ವಿದ್ಯುತ್ ಸಹಕಾರ ಸಂಘದಲ್ಲಿ ಲೈನ್‌ಮ್ಯಾನ್. ಗಾಳಿ ದಡ ಮುಟ್ಟುವ ಎರಡು ದಿನ ಮೊದಲೇ ನಮ್ಮ ಲಾರಿಗಳನ್ನು ಪಕ್ಕದ ಕೌಂಟಿಯ ದನದ ಸಂತೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ನಮ್ಮನ್ನು ಕಾಯಿಸುತ್ತಾರೆ. ನನ್ನ ಹೆಂಡತಿ ಮಾರ್ಲಾ ನರ್ಸ್. ಗಾಳಿ ಬೀಸಿ ಮುಗಿಯುವವರೆಗೆ ಆಸ್ಪತ್ರೆಯಿಂದ ಹೊರಗೆ ಬಿಡದ ತಂಡದಲ್ಲಿ ಅವಳ ಹೆಸರು ಪ್ರತಿವರ್ಷ ಇರುತ್ತದೆ. ಮನೆಯಲ್ಲಿ ಉಳಿಯುವವರು ನನ್ನ ತಾಯಿ ಆರ್ಡೆಲ್, ವಯಸ್ಸು ಎಪ್ಪತ್ತೊಂದು, ಮತ್ತು ಮಗಳು ರೇಲಿನ್, ವಯಸ್ಸು ಹನ್ನೆರಡು.

ನಾವಿರುವುದು ಸಮುದ್ರದಿಂದ ಒಂಬತ್ತು ಮೈಲಿ ಒಳಗೆ, ಪೈನ್ ಮರಗಳ ನಡುವೆ. ಇಲ್ಲಿಗೆ ನೀರು ಬರುವುದಿಲ್ಲ, ಗಾಳಿ ಬರುತ್ತದೆ. ಆದ್ದರಿಂದ ಊರು ಬಿಟ್ಟು ಹೊರಡಿ ಎಂಬ ಆದೇಶ ನಮ್ಮ ಬೀದಿಗೆ ಯಾವತ್ತೂ ಬರುವುದಿಲ್ಲ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಕೊಂಡು ಕೂತರೆ ಸಾಕು ಎನ್ನುತ್ತಾರೆ. ಮುಚ್ಚುವ ಕೆಲಸ ನನ್ನದು.

ಹೋದ ಅಕ್ಟೋಬರಿನ ಗಾಳಿಗೂ ಮುಚ್ಚಿದವನು ನಾನೇ. ನಮ್ಮಲ್ಲಿದ್ದದ್ದು ತಗಡಿನ ಹಲಗೆಗಳು. ಒಂದೊಂದು ಕಿಟಕಿಗೂ ನಂಬರ್ ಬರೆದಿಟ್ಟ ಹಲಗೆಗಳನ್ನು ಹೊರಗಿನಿಂದ, ಕಿಟಕಿಯ ಸುತ್ತ ಗೋಡೆಗೆ ನೆಟ್ಟ ಬೋಲ್ಟುಗಳಿಗೆ ತೂಗುಹಾಕಿ, ರೆಕ್ಕೆಯಿರುವ ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ ಕೂರಿಸಬೇಕು. ಬೆರಳಲ್ಲಿ ತಿರುಗಿಸಿದ್ದು ನನಗೆ ಯಾವತ್ತೂ ಸಮಾಧಾನವಾಗಿರಲಿಲ್ಲ. ಮೂವತ್ತಡಿ ಮೇಲೆ ನೇತಾಡಿಕೊಂಡು ಬೋಲ್ಟು ಬಿಗಿಯುವವನು ನಾನು. ನನ್ನ ಮನೆಯ ನಟ್ಟು ಗಾಳಿಗೆ ಅಲ್ಲಾಡಿತು ಎಂದರೆ ಮರ್ಯಾದೆ ಏನುಳಿಯಿತು? ರೆಕ್ಕೆ ನಟ್ಟುಗಳನ್ನೆಲ್ಲ ಬಿಸಾಕಿ ಆರು ಮೂಲೆಯ ಉಕ್ಕಿನ ನಟ್ಟು ತಂದೆ. ನಟ್ಟು ಬಿಗಿಯುವ ಬ್ಯಾಟರಿ ಗನ್ ಹಿಡಿದು ಹನ್ನೊಂದು ಕಿಟಕಿ ಮತ್ತು ಹಿತ್ತಿಲ ಬಾಗಿಲನ್ನು ಟರ್ ಟರ್ ಎಂದು ಬಿಗಿದೆ. ಮುಂಬಾಗಿಲು ಒಂದನ್ನು ಬಿಟ್ಟು ಹೊರಟೆ. ಲಾರಿ ಹತ್ತುವಾಗ ತಿರುಗಿ ನೋಡಿದರೆ ಮನೆ ಡಬ್ಬಿಯ ಹಾಗೆ ಗಟ್ಟಿಯಾಗಿ ಕಂಡಿತು, ಖುಷಿಯೂ ಆಯಿತು.

ಗಾಳಿಗೆ ಒಂದು ಹಲಗೆಯೂ ಅಲ್ಲಾಡಲಿಲ್ಲ. ಮುಂದಿನ ಅಂಗಳದ ಪೈನ್ ಮರ ಮಾತ್ರ ವರಾಂಡದ ಮೇಲೆ ಬಿತ್ತು. ವರಾಂಡದ ಮಾಡು ಕುಸಿದು ಮುಂಬಾಗಿಲು ತೆರೆಯದ ಹಾಗೆ ಅದರ ಚೌಕಟ್ಟನ್ನು ಒತ್ತಿ ಹಿಡಿದುಕೊಂಡಿತು. ಒಳಗೆ ಅಜ್ಜಿ, ಮೊಮ್ಮಗಳು. ಕರೆಂಟಿಲ್ಲ, ಫೋನಿಲ್ಲ, ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆ. ಹತ್ತೊಂಬತ್ತು ಗಂಟೆ ಹೀಗೇ. ಮರುದಿನ ನಮ್ಮ ಚರ್ಚಿನ ಗರಗಸದ ತಂಡ ರಸ್ತೆ ಬಿಡಿಸುತ್ತಾ ಬಂದಾಗ, ಒಳಗಿನಿಂದ ಯಾರೋ ಬಾಣಲೆ ಬಡಿಯುವ ಸದ್ದು ಕೇಳಿ, ಬ್ರದರ್ ಲಮಾರ್ ಮರ ಕುಯ್ದು ಇಬ್ಬರನ್ನೂ ಹೊರಗೆ ತಂದ. ನನಗೆ ಸುದ್ದಿ ಸಿಕ್ಕಿದ್ದು ಮೂರನೇ ದಿನ.

ಅಮ್ಮ ಅದನ್ನು ತಮಾಷೆಯ ಕತೆ ಮಾಡಿಕೊಂಡಳು. "ನನ್ನ ಮಗ ಮಮತೆಯಿಂದ ಪ್ಯಾಕ್ ಮಾಡಿಟ್ಟಿದ್ದ, ಅಂಚೆ ಚೀಟಿ ಅಂಟಿಸೋದೊಂದು ಬಾಕಿ" ಎಂದು ಭೇಟಿಯಾದವರಿಗೆಲ್ಲ ಹೇಳುತ್ತಿದ್ದಳು. ರೇಲಿನ್ ಮಾತ್ರ ಆ ವಿಷಯ ಎತ್ತುತ್ತಿರಲಿಲ್ಲ. ಚಳಿಗಾಲದಲ್ಲೂ ತನ್ನ ಕೋಣೆಯ ಕಿಟಕಿಯನ್ನು ನಾಲ್ಕು ಬೆರಳಷ್ಟು ಎತ್ತಿಟ್ಟೇ ಮಲಗುತ್ತಿದ್ದಳು. ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಏನು ಎಂದು ಗೊತ್ತಿತ್ತು.

ಮೇ ತಿಂಗಳ ಮೊದಲ ವಾರ ನಾನು ತಗಡಿನ ಹಲಗೆಗಳನ್ನು ಶೆಡ್ಡಿನಿಂದ ತೆಗೆದು ತೊಳೆಯುತ್ತಿದ್ದಾಗ ಅವಳು ಬಂದು ನಿಂತಳು.

"ಡ್ಯಾಡಿ, ಅದನ್ನ ಹಾಕೋದಾದ್ರೆ ನಾನು ಈ ಮನೇಲಿ ಇರಲ್ಲ."

"ಈ ಸಲ ರೆಕ್ಕೆ ನಟ್ಟೇ ಹಾಕ್ತೀನಿ ಕಣೇ."

"ಹೊರಗಡೆ ತಾನೇ ಹಾಕೋದು?"

ನಾನು ಪೈಪಿನ ನೀರು ನಿಲ್ಲಿಸಿದೆ. ಅಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದಳು: "ಇದನ್ನ ನಾನು ಮೊದಲೇ ಹೇಳಬೇಕಿತ್ತು ಹಾಲಿಸ್. ಜಾರ್ಜಿಯಾದಲ್ಲಿ ನನ್ನ ತಂಗಿ ಮನೆ ದೊಡ್ಡದು. ಜೂನ್‌ನಿಂದ ನವೆಂಬರ್ ತನಕ, ಗಾಳಿ ಕಾಲ ಪೂರ್ತಿ, ಅಲ್ಲೇ ಇರ್ತೀವಿ. ಸ್ಕೂಲ್ ಅಲ್ಲೇ ಸೇರಿಸ್ತೀನಿ. ಮಾತಾಡಿ ಆಯ್ತು."

ಜೂನ್‌ನಿಂದ ನವೆಂಬರ್ ಎಂದರೆ ವರ್ಷದ ಅರ್ಧ. ಪ್ರತಿ ವರ್ಷವೂ ಅರ್ಧ. ಹನ್ನೆರಡರ ಹುಡುಗಿ ಮನೆಯಲ್ಲಿ ಇನ್ನು ಎಷ್ಟು ವರ್ಷ ಇರುತ್ತಾಳೆ? ಆ ರಾತ್ರಿ ಊಟಕ್ಕೆ ಕೂತಾಗ ಮಾರ್ಲಾ ಅಂದಳು: "ಕಿಟಕಿಗೆ ಒಳಗಿಂದ ತೆಗೆಯೋ ಶಟರ್ ಇರುತ್ತಂತೆ. ಹಾರ್ಮೋನಿಯಂ ಥರ ಮಡಚೋದು. ನೀನು ಅದಕ್ಕೆ ಕೈ ಹಾಕಬೇಡ, ಯಾರಾದ್ರೂ ಗೊತ್ತಿರೋರ ಕೈಲಿ ಮಾಡ್ಸೋಣ."

"ನಾನು ಮಾಡಿದ್ದು ಅಲ್ಲಾಡಿಲ್ವಲ್ಲ."

"ಅದೇ ತಾನೇ ತೊಂದರೆ ಆಗಿದ್ದು" ಎಂದಳು ಮಾರ್ಲಾ, ಅವರೆಕಾಳಿನ ಬಟ್ಟಲು ನನ್ನ ಕಡೆ ತಳ್ಳುತ್ತಾ.

ದೊಡ್ಡ ಗಾಳಿ ಬಂದುಹೋದ ಮರುವರ್ಷ ಶಟರ್ ಕಂಪನಿಗಳು ಅಣಬೆಯ ಹಾಗೆ ಏಳುತ್ತವೆ. ಪ್ರತಿ ತಿರುವಿನಲ್ಲೂ ಫಲಕ, ಪ್ರತಿ ಬಾಗಿಲ ಹಿಡಿಯಲ್ಲೂ ಚೀಟಿ. ಯಾರನ್ನು ನಂಬುವುದು? ಎಲ್ಲರೂ ನಗುವ ಮನೆಮಂದಿಯ ಫೋಟೋ ಹಾಕಿಕೊಂಡಿದ್ದರು. ಗಾಳಿ ಬಂದಾಗ ಯಾರ ಮುಖವೂ ಹಾಗಿರುವುದಿಲ್ಲ.

ಮೊದಲು ಬಂದದ್ದು ಟಿವಿಯಲ್ಲಿ ಜಾಹೀರಾತು ಕೊಡುವ ಕಂಪನಿಯವನು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫಲಕದಂಥ ಕಂಪ್ಯೂಟರು, ನೆಲ ಕೊಳೆಯಾಗದ ಹಾಗೆ ಶೂ ಮೇಲೆ ನೀಲಿ ಚೀಲ. ಅಮ್ಮ ಕೊಟ್ಟ ಐಸ್ ಚಹಾ ಒಂದು ಗುಟುಕು ಕುಡಿದು ಸಕ್ಕರೆ ಸರಿಯಾಗಿದೆ ಎಂದು ಹೊಗಳಿದ. ಬಣ್ಣಗಳನ್ನು ತೋರಿಸಿದ. ರೇಲಿನ್ ಸೋಫಾದ ತುದಿಯಲ್ಲಿ ಮಂಡಿ ತಬ್ಬಿಕೊಂಡು ಕೂತಿದ್ದಳು.

"ಒಳಗಿಂದ ತೆಗೆಯೋಕಾಗುತ್ತಾ?" ಎಂದು ಕೇಳಿದಳು.

"ತೆಗೆಯೋದಾ? ಪುಟ್ಟೀ, ಇದು ಬ್ಯಾಂಕಿನ ತಿಜೋರಿ ಇದ್ದ ಹಾಗೆ! ಇದನ್ನ ದೇವರೂ ಅಲ್ಲಾಡಿಸೋಕಾಗಲ್ಲ."

ರೇಲಿನ್ ಎದ್ದು ಒಳಗೆ ಹೋದಳು. ಅವನಿಗೆ ಗೊತ್ತಾಗಲಿಲ್ಲ. "ಸರ್, ಈ ರೇಟು ಇವತ್ತು ಸಂಜೆ ಆರರ ತನಕ ಮಾತ್ರ. ನಾಳೆ ನಮ್ಮ ಕೈಯಲ್ಲಿರಲ್ಲ" ಎಂದ.

"ನಾಳೆಗೆ ಕೆಡೋದು ಮೀನಪ್ಪಾ, ಶಟರ್ ಅಲ್ಲ" ಎಂದಳು ಅಮ್ಮ. ಅವನ ಲೋಟ ತೆಗೆದುಕೊಂಡಳು. ಅವನು ಇನ್ನೂ ಕುಡಿದು ಮುಗಿಸಿರಲಿಲ್ಲ.

ಎರಡನೆಯವನ ವಿಷಯ ಅಷ್ಟು ಸುಲಭವಲ್ಲ. ಎರಡನೆಯವನು ಬ್ರದರ್ ಲಮಾರ್.

ಲಮಾರ್ ನಮ್ಮ ಚರ್ಚಿನ ಹಿರಿಯರಲ್ಲಿ ಒಬ್ಬ. ಭಾನುವಾರ ಕಾಣಿಕೆಯ ತಟ್ಟೆ ಹಿಡಿದು ಸಾಲುಸಾಲಿಗೂ ಬರುವವನು. ಬುಧವಾರದ ಸಂಜೆ ಊಟಕ್ಕೆ ಮೀನು ಕರಿಯುವವನು. ರೇಲಿನ್‌ಗೆ ಬೈಬಲ್ ಪಾಠ ಹೇಳಿಕೊಟ್ಟವನು. ಎಲ್ಲಕ್ಕಿಂತ ಹೆಚ್ಚಾಗಿ, ಆ ಮರ ಕುಯ್ದವನು. ಗಾಳಿ ಕಳೆದ ಮೇಲೆ ಊರಿಗೆಲ್ಲ ಮಾಡು ಕಟ್ಟಿಕೊಟ್ಟ. ಫೆಬ್ರವರಿಯಲ್ಲಿ ಅವನ ಲಾರಿಯ ಬಾಗಿಲ ಮೇಲೆ 'ಶಟರುಗಳು' ಎಂದೂ ಬರೆಸಿದ. ಕೆಳಗೆ ಕ್ರೈಸ್ತರು ಹಾಕಿಕೊಳ್ಳುವ ಒಂದು ಮೀನಿನ ಗುರುತು, ಅದರ ಕೆಳಗೆ ಲೈಸೆನ್ಸ್ ನಂಬರು. ನಮ್ಮ ಚರ್ಚಿನ ಅರ್ಧ ಮಂದಿ ಅವನ ಕೈಯಲ್ಲಿ ಮಾಡಿಸುತ್ತಿದ್ದರು. ನಾನು ಬೇರೆಯವರನ್ನು ಕರೆಸಿದ್ದೇನೆಂದು ಗೊತ್ತಾದ ದಿನವೇ ಅವನು ಬಂದ, ಕೈಯಲ್ಲಿ ಬೇಯಿಸಿದ ಕಡಲೆಕಾಯಿಯ ಚೀಲ.

"ಏನಯ್ಯಾ ಹಾಲಿಸ್, ನೆಂಟರಿದ್ದೂ ಹೋಟೆಲ್ ಊಟ ಮಾಡ್ತೀಯಂತೆ?"

"ವಿಚಾರಿಸ್ತಾ ಇದ್ದೆ ಅಷ್ಟೇ ಮಾರಾಯ."

ಅವನು ಟೇಪು ಹಿಡಿದು ಕಿಟಕಿ ಅಳೆದ. ಕೈ ಚುರುಕು, ಮಾತು ಸವಿ. ರೇಲಿನ್ ಅವನ ಹಿಂದೆಯೇ ತಿರುಗಿದಳು. ಅವನ ಮೇಲೆ ಅವಳಿಗೆ ಪ್ರೀತಿ. ಕೊನೆಯ ಕಿಟಕಿಯ ಹತ್ತಿರ ಅದೇ ಪ್ರಶ್ನೆ ಕೇಳಿದಳು.

ಲಮಾರ್ ಬಗ್ಗಿ ಅವಳ ಭುಜ ಹಿಡಿದುಕೊಂಡ. "ತೆಗೆಯೋಕೆ ಬರದಿದ್ರೂ ಹೆದರಬೇಡ ಕಣೋ ಪುಟ್ಟಾ. ನಾನಿದೀನಲ್ಲ. ಮತ್ತೆ ಗರಗಸ ತಂದು ಕುಯ್ದು ತೆಗೀತೀನಿ."

ಅವನು ಹೃದಯದಿಂದಲೇ ಹೇಳಿದ್ದು. ರೇಲಿನ್ ನಕ್ಕಳು. ನಕ್ಕು, ನನ್ನ ಕಡೆ ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

ಹೊರಡುವಾಗ ಲಮಾರ್ ಅಂದ: "ಇನ್ನೊಂದು ವಿಷಯ. ಕೌಂಟಿಯ ಪರ್ಮಿಟ್ ನೀನೇ ತಗೊಂಡುಬಿಡು. ಮನೆ ಯಜಮಾನ ತಗೊಂಡ್ರೆ ಬೇಗ ಸಿಗುತ್ತೆ. ಒಂದು ಸಹಿ ಅಷ್ಟೇ."

ನಾನು ಹೂಂ ಎಂದೆ. ಹೂಂ ಎನ್ನದೆ ಏನು ಮಾಡಲಿ? ಮರುದಿನ ಊಟದ ಬಿಡುವಿನಲ್ಲಿ ಲಾರಿಯಲ್ಲಿ ಕೂತು ಕೌಂಟಿಯ ಕಟ್ಟಡ ವಿಭಾಗಕ್ಕೆ ಫೋನ್ ಮಾಡಿದೆ. ಯಾವ ಅರ್ಜಿ ಎಂದು ಕೇಳುವುದಕ್ಕಷ್ಟೇ. ಅಲ್ಲಿದ್ದ ಹೆಂಗಸಿನ ದನಿಯಲ್ಲಿ ಇಡೀ ಕೌಂಟಿಯ ದಣಿವಿತ್ತು.

"ಶಟರ್ ಹಾಕೋರು ನೀವೇನಾ?" ಎಂದಳು.

"ಅಲ್ಲ, ಕಂಪನಿಯವರು."

"ಹಾಗಾದ್ರೆ ಪರ್ಮಿಟ್ ಅವರು ತಗೋಬೇಕು. ನೀವು ತಗೊಂಡ್ರೆ ಕೆಲಸ ನೀವೇ ಮಾಡಿದ ಲೆಕ್ಕ. ನಾಳೆ ಹಾರಿಹೋದ್ರೆ ನಿಮ್ಮನ್ನೇ ಕೇಳೋದು. ಅವರ ಹೆಸರು, ಲೈಸೆನ್ಸ್ ನಂಬರ್ ಇದೆಯಾ? ಹೇಳಿ."

ಹೇಳಿದೆ. ಕೀಲಿಮಣೆ ಕುಟ್ಟುವ ಸದ್ದು.

"ಈ ಲೈಸೆನ್ಸು ನೀವು ಹೇಳಿದ ಹೆಸರಿನವರದ್ದಲ್ಲ. ಇದರವರು ಟೆನೆಸ್ಸೀಗೆ ಹೋಗಿ ಮೂರು ವರ್ಷ ಆಯ್ತು. ದಿನಕ್ಕೆ ಹತ್ತು ಇಂಥವು ಬರ್ತವೆ. ಇನ್ನೇನಾದ್ರೂ?"

ಫೋನ್ ಇಟ್ಟೆ. ತಂದಿದ್ದ ಸ್ಯಾಂಡ್‌ವಿಚ್ ಹಾಗೇ ಮಡಿಲಲ್ಲಿ ಉಳಿಯಿತು.

ಬುಧವಾರ ಸಂಜೆ ಚರ್ಚಿನ ಹಿಂದೆ ಲಮಾರ್ ಮೀನಿನ ಬಾಣಲೆಯ ಮುಂದೆ ನಿಂತಿದ್ದ. ಹಿಟ್ಟು ಮೆತ್ತಿದ ಕೈ. ಸುತ್ತ ಜನ ಇಲ್ಲದ ಹೊತ್ತು ನೋಡಿ ಲೈಸೆನ್ಸಿನ ವಿಷಯ ಹೇಳಿದೆ.

"ಟೆನೆಸ್ಸೀಯವನು ನನ್ನ ಷಡ್ಡಕ" ಎಂದ ಅವನು, ಎಣ್ಣೆಯಿಂದ ಕಣ್ಣೆತ್ತದೆ. "ಅವನೇ ಉಪಯೋಗಿಸ್ಕೋ ಅಂದ. ಪರೀಕ್ಷೆ ಕಟ್ಟಿದೀನಿ. ಎರಡು ಸಲ ಆಯ್ತು. ಮೂರನೇ ಸಲ ಪಾಸಾಗ್ತೀನಿ. ನಾನು ಮೋಸಗಾರ ಅಲ್ಲ ಹಾಲಿಸ್."

"ಗೊತ್ತು."

"ನಿನ್ನ ತಾಯೀನ, ಮಗಳನ್ನ ಹೊರಗೆ ತಂದಿದ್ದು ಈ ಕೈ."

"ಅದೂ ಗೊತ್ತು ಮಾರಾಯ. ಸಾಯೋ ತನಕ ಗೊತ್ತಿರುತ್ತೆ. ಆದ್ರೆ ನನಗೆ ಹೊರಗಿಂದ ತೆಗೆಯೋರು ಬೇಡ. ಅವರೇ ಒಳಗಿಂದ ತೆಗೀಬೇಕು."

ಅವನು ಬಾಣಲೆಯಿಂದ ಒಂದು ಮೀನು ಎತ್ತಿ, ಎಣ್ಣೆ ಬಸಿದು, ನನ್ನ ತಟ್ಟೆಗೆ ಹಾಕಿದ. ಇನ್ನೊಂದು ಹಾಕಲಿಲ್ಲ. ಯಾವಾಗಲೂ ಎರಡು ಹಾಕುವವನು. ಮುಂದಿನ ಭಾನುವಾರ ಕಾಣಿಕೆಯ ತಟ್ಟೆ ನಮ್ಮ ಸಾಲಿಗೆ ಬಂದಾಗ ಅದನ್ನು ಹಿಡಿದವನು ಬೇರೆ ಯಾರೋ. ಅಮ್ಮನ ಗೆಳತಿಯರು ಅಮ್ಮನ ಜೊತೆ ಹವಾಮಾನದ ಬಗ್ಗೆ ಮಾತ್ರ ಮಾತಾಡಿದರು. ಕಾರಿನಲ್ಲಿ ಅಮ್ಮ ಅಂದಳು: "ನಲವತ್ತು ವರ್ಷದಿಂದ ಆ ಬೆಂಚಿನ ಮೇಲೆ ಕೂತಿದೀನಿ. ಇವತ್ತು ಮೊದಲನೇ ಸಲ ಬೆಂಚು ಗಟ್ಟಿ ಅನ್ನಿಸ್ತು." ನಾನು ಮಾಡಿದ್ದು ತಪ್ಪು ಎಂದಳೇ, ಸರಿ ಎಂದಳೇ ಗೊತ್ತಾಗಲಿಲ್ಲ.

ಮೇ ಇಪ್ಪತ್ತಾಗಿತ್ತು. ಅಮ್ಮನ ಕೋಣೆಯಲ್ಲಿ ಸೂಟ್‌ಕೇಸು ಮಂಚದ ಕೆಳಗಿನಿಂದ ಮೇಲೆ ಬಂದಿತ್ತು.

ಮೂರನೆಯವಳನ್ನು ಹುಡುಕಿದ್ದು ನನ್ನ ಕೆಲಸದ ದಾರಿಯಲ್ಲೇ. ನಾವು ಲೈನ್‌ಮ್ಯಾನ್‌ಗಳು ಗಾಳಿ ಬೀಸಿದ ಮರುದಿನ ಎಲ್ಲರಿಗಿಂತ ಮೊದಲು ಬೀದಿಗಿಳಿಯುವವರು. ಯಾವ ಮನೆಯ ಶಟರ್ ನಿಂತಿದೆ, ಯಾರದ್ದು ಪಕ್ಕದವರ ಈಜುಕೊಳದಲ್ಲಿ ತೇಲುತ್ತಿದೆ ಎಂದು ಮೇಲಿನಿಂದ ಕಾಣುತ್ತದೆ. ನನ್ನ ಜೊತೆ ಕೆಲಸ ಮಾಡುವವರನ್ನು ಕೇಳಿದೆ. ಮೂವರು ಒಂದೇ ಹೆಸರು ಹೇಳಿದರು: ಓಡೆಟ್ ಬಾಸ್ಕಿನ್. ಮೂವರೂ ಹೇಳಿ ಮುಖ ಸಿಂಡರಿಸಿದರು. "ಕೆಲಸ ಚೆನ್ನಾಗಿದೆ. ಬಾಯಿ ಕೆಟ್ಟದು" ಎಂದರು.

ಅವಳು ಬಂದದ್ದು ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ. ಐವತ್ತೈದರ ಹೆಂಗಸು, ಬಿಸಿಲಿಗೆ ಸುಟ್ಟ ಕೊರಳು, ಕಿವಿಯ ಹಿಂದೆ ಪೆನ್ಸಿಲು. ಚಹಾ ಬೇಡ ಎಂದಳು. ಮನೆಯ ಸುತ್ತ ಒಂದು ಸುತ್ತು ಬಂದು ನಾನು ಹಲಗೆ ಬಿಚ್ಚಿದ ಮೇಲೆ ಬೋಲ್ಟುಗಳಿಗೇ ಮತ್ತೆ ಬಿಗಿದಿಟ್ಟಿದ್ದ ಉಕ್ಕಿನ ನಟ್ಟುಗಳ ಮುಂದೆ ನಿಂತಳು.

"ಇದನ್ನ ಬಿಗಿದಿದ್ದು ಯಾವ ಪುಣ್ಯಾತ್ಮ?"

"ನಾನೇ ಮ್ಯಾಮ್."

"ಸೇತುವೆ ಕಟ್ತಾ ಇದ್ರಾ?"

ಅಮ್ಮ ಒಳಗಿನಿಂದ ಜೋರಾಗಿ ನಕ್ಕಳು. ನಕ್ಕವಳು ಹೊರಗೇ ಬಂದಳು. ಹಿಂದೆ ರೇಲಿನ್. ಪ್ರಶ್ನೆ ಬಂತು, ಮೂರನೇ ಸಲ.

"ಒಳಗಿಂದ ತೆಗೆಯೋಕಾಗುತ್ತಾ?"

ಓಡೆಟ್ ಪೆನ್ಸಿಲು ತೆಗೆದು ತಲೆ ಕೆರೆದುಕೊಂಡಳು. "ಹಾಕಿದ ದಿನ ಆಗುತ್ತೆ. ಐದು ವರ್ಷ ಆದ್ಮೇಲೆ? ಅದು ನಿನ್ನ ಮೇಲಿದೆ. ಶಟರ್ ಸರಿಯೋ ಹಳಿಯೊಳಗೆ ಮರಳು ಕೂರುತ್ತೆ, ಕಣಜ ಗೂಡು ಕಟ್ಟುತ್ತೆ. ವರ್ಷಕ್ಕೊಂದು ಸಲ ತೊಳೆದು ಎಣ್ಣೆ ಹೊಡೀದಿದ್ರೆ ಜಪ್ಪಯ್ಯ ಅಂದ್ರೂ ಬರಲ್ಲ. ನಾನು ಹಾಕಿದ್ರಲ್ಲೂ ಒಂದು ಸಿಕ್ಕಿಹಾಕ್ಕೊಂಡಿತ್ತು."

"ಯಾವುದು?" ಎಂದಳು ರೇಲಿನ್.

ಓಡೆಟ್ ಅವಳ ಕಡೆ ತಿರುಗಿದಳು. ಆಮೇಲೆ ಜೇಬಿನಿಂದ ಚೀಟಿ ತೆಗೆದು ನಾಲ್ಕು ವಿಳಾಸ ಬರೆದಳು. ನಾಲ್ಕನೆಯದರ ಕೆಳಗೆ ಗೆರೆ ಎಳೆದಳು.

"ಮೊದಲನೇ ಮೂವರು ನನ್ನನ್ನ ಹೊಗಳ್ತಾರೆ. ಅವರ ಹತ್ರ ಹೋಗಿ ಟೈಮ್ ಹಾಳುಮಾಡ್ಕೋಬೇಡಿ, ಹೊಗಳೋರ ವಿಳಾಸ ಎಲ್ಲರ ಹತ್ರಾನೂ ಇರುತ್ತೆ. ಈ ನಾಲ್ಕನೆಯವರು ಬೈತಾರೆ. ಅಲ್ಲಿಗೆ ಹೋಗಿ. ಆಮೇಲೆ ಫೋನ್ ಮಾಡಿ, ಇಲ್ಲಾಂದ್ರೆ ಬಿಡಿ. ಪರ್ಮಿಟ್ ನಂದು, ತಪಾಸಣೆಯವರು ಬಂದು ಸರಿ ಅನ್ನೋ ತನಕ ಕೊನೇ ಕಂತು ಕೊಡ್ಬೇಡಿ."

ಇಷ್ಟು ಹೇಳಿ ಅವಳು ಹೋದಳು. ಅಮ್ಮ ಖಾಲಿ ಕೈ ನೋಡಿಕೊಂಡು, "ಚಹಾನೂ ಕುಡೀಲಿಲ್ಲ. ಇವಳನ್ನ ಹೇಗೆ ನಂಬೋದು?" ಎಂದಳು.

ಶನಿವಾರ ಮೂವರೂ ಹೋದೆವು, ನಾನು, ಅಮ್ಮ, ರೇಲಿನ್. ನಾಲ್ಕನೇ ವಿಳಾಸ ಕೊಲ್ಲಿಯ ಅಂಚಿನ ಮನೆ. ಅಂಗಳದಲ್ಲಿ ಸಿಂಪಿ ಚಿಪ್ಪಿನ ರಾಶಿ, ತಲೆಕೆಳಗಾದ ದೋಣಿ. ಮಿಸ್ಟರ್ ಎಂಗ್ರಾಮ್ ಎಂಬತ್ತರ ಹತ್ತಿರದವರು, ಸಿಂಪಿ ಎತ್ತಿ ಬಾಗಿದ ಬೆನ್ನು. ನಮ್ಮ ಹೆಸರು ಹೇಳಿ, ಓಡೆಟ್ ಬಾಸ್ಕಿನ್ ಕಳಿಸಿದಳು ಎಂದ ಕೂಡಲೇ ಶುರುಮಾಡಿದರು.

"ಆ ಹೆಂಗಸಾ? ಅವಳಿಗೆ ಮರ್ಯಾದೆ ಇದೆಯೇನ್ರೀ? ಉಪ್ಪುಗಾಳಿಗೆ ನಿಲ್ಲುತ್ತೆ ಅಂತ ಹಾಕಿ ಹೋದ್ಲು. ಎರಡೇ ವರ್ಷ! ಮಲಗೋ ಕೋಣೇದು ಸಿಕ್ಕಿಹಾಕ್ಕೊಂಡು, ಗಾಳಿ ಹೋದ್ಮೇಲೂ ನಾನು ಒಳಗೇ. ಮುಂಬಾಗಿಲ ತನಕ ನೀರು. ತೆಗೀತೀನಿ ತೆಗೀತೀನಿ, ಬರಲ್ಲ. ಕಳ್ಳಿ ಅಂದೆ, ಸುಳ್ಳಿ ಅಂದೆ. ಇಲ್ಲೇ ನಿಂತ್ಕೊಂಡು ಅಂದೆ!"

"ಅವರು ಇಲ್ಲಿದ್ರಾ?" ಎಂದೆ.

"ಇದ್ಲಲ್ಲ. ಎರಡನೇ ದಿನ ಬಂದ್ಲು. ರಸ್ತೆ ಇಲ್ಲ, ಸೇತುವೆಯಿಂದೀಚೆಗೆ ಮೊಣಕಾಲ ನೀರಲ್ಲಿ ನಡ್ಕೊಂಡು. ಅವಳ ಮನೆ ಮಾಡು ಹಾರಿಹೋಗಿತ್ತಂತೆ, ಅದನ್ನ ನನಗೆ ಹೇಳಲೇ ಇಲ್ಲ, ಆಮೇಲೆ ಯಾರೋ ಹೇಳಿದ್ರು. ಸಲಾಕೆ ಹಾಕಿ ಮೀಟಿ ತೆಗೆದ್ಲು. ಆಮೇಲೆ ಇಡೀ ಮನೇದು ಬಿಚ್ಚಿ ಬೇರೆ ಥರದ್ದು ಹಾಕಿದ್ಲು. ಕಾಸು ತಗೊಳ್ಳಲಿಲ್ಲ. ಅದಕ್ಕೇನಂತೆ? ಈಗ ಪ್ರತಿ ಮೇ ತಿಂಗಳು ಬಂದು, ನನ್ನ ಕೈಗೆ ಪೈಪು ಕೊಟ್ಟು ಹಳಿ ತೊಳಿ ಅಂತಾಳೆ. ತಾನು ಕುರ್ಚಿ ಹಾಕ್ಕೊಂಡು ಕೂತು, ಅಲ್ಲಿ ಸರಿಯಾಗಿಲ್ಲ ಇಲ್ಲಿ ಸರಿಯಾಗಿಲ್ಲ ಅಂತ ಬೈತಾಳೆ. ಎಂಬತ್ತು ವರ್ಷದವನಿಗೆ! ನೀವೇ ಹೇಳಿ ಮಿಸ್ ಆರ್ಡೆಲ್, ಇದು ನ್ಯಾಯಾನಾ?"

"ಅನ್ಯಾಯ" ಎಂದಳು ಅಮ್ಮ. "ಎಷ್ಟು ವರ್ಷದಿಂದ ಬರ್ತಿದಾಳೆ?"

"ಒಂಬತ್ತು."

ರೇಲಿನ್ ಕೇಳಿದಳು: "ಮಿಸ್ಟರ್ ಎಂಗ್ರಾಮ್, ಆ ಕಿಟಕಿ ನಾನೊಂದ್ಸಲ ನೋಡಬಹುದಾ ಸರ್? ಒಳಗಡೆಯಿಂದ?"

ಮುದುಕರು ಅವಳನ್ನು ಮಲಗುವ ಕೋಣೆಗೆ ಕರೆದೊಯ್ದರು. ನಾನು ಹಿಂದೆ ಹೊರಟೆ, ಅಮ್ಮ ನನ್ನ ತೋಳು ಹಿಡಿದಳು. ಮುದುಕರು ಹೊರಗೆ ಬಂದು ಶಟರನ್ನು ಎಳೆದು ಮುಚ್ಚಿದರು. ಒಳಗೆ ರೇಲಿನ್ ಒಬ್ಬಳೇ. ಕಿಟಕಿಯ ಗಾಜು ಮೇಲೆತ್ತಿದ, ಶಟರಿನ ಒಳಬದಿಯ ತಿರುಪು ಬಿಗಿದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಕೊಲ್ಲಿಯ ಮೇಲೆ ಯಾವುದೋ ದೋಣಿಯ ಇಂಜಿನ್. ಹತ್ತೊಂಬತ್ತು ಗಂಟೆ ಎಂದರೆ ಎಷ್ಟು ಎಂದು ಆ ಅರ್ಧ ನಿಮಿಷದಲ್ಲಿ ನನಗೆ ಗೊತ್ತಾಯಿತು. ಆಮೇಲೆ ತಿರುಪು ಸಡಿಲಾದ ಕಿರ್ ಎಂಬ ಸದ್ದು. ಶಟರು ಮಡಚಿಕೊಂಡು ಪಕ್ಕಕ್ಕೆ ಸರಿಯಿತು. ರೇಲಿನ್ ಕಿಟಕಿಯಿಂದ ಕಾಲು ಹೊರಗೆ ಹಾಕಿ, ಸಿಂಪಿ ಚಿಪ್ಪಿನ ಮೇಲೆ ಕರಕರ ಸದ್ದು ಮಾಡುತ್ತಾ ಇಳಿದಳು.

"ಒಂದೇ ಕೈ ಸಾಕು" ಎಂದಳು.

ಕಾರು ಹತ್ತುವಾಗ ಮಿಸ್ಟರ್ ಎಂಗ್ರಾಮ್ ಕಿಟಕಿಯ ಹತ್ತಿರ ಬಗ್ಗಿದರು. "ಅವಳಿಗೆ ಹೇಳಿ, ನಾನು ಚೆನ್ನಾಗಿ ಬೈದೆ ಅಂತ. ಇಲ್ಲಾಂದ್ರೆ ನೀವು ಬಂದೇ ಇಲ್ಲ ಅಂದ್ಕೋತಾಳೆ."

ಓಡೆಟ್ ಜೂನ್ ಮೂರನೇ ವಾರ ಇಬ್ಬರು ಕೆಲಸಗಾರರ ಜೊತೆ ಬಂದಳು. ನಾನು ನನ್ನ ಬ್ಯಾಟರಿ ಗನ್ ಹಿಡಿದು ಸಹಾಯಕ್ಕೆ ಹೋದೆ. "ಅದನ್ನ ಒಳಗಿಟ್ಟು ಬನ್ನಿ ಮಿಸ್ಟರ್ ಗ್ರೇಡಿ, ಬರೋದಾದ್ರೆ" ಎಂದಳು. ಇಟ್ಟು ಬಂದೆ. ಎರಡು ದಿನ ಏಣಿ ಹಿಡಿದೆ. ಕೌಂಟಿಯ ತಪಾಸಣೆಯವನು ಬಂದು, ಒಂದು ತಿರುಪು ಕಡಿಮೆ ಎಂದ. ಓಡೆಟ್ ಅವನನ್ನು ಬೈದು, ಆಮೇಲೆ ತಿರುಪು ಹಾಕಿ, ಆಮೇಲೆ ತನ್ನ ಕೆಲಸಗಾರನನ್ನು ಇನ್ನೂ ಹೆಚ್ಚು ಬೈದಳು.

ಎಲ್ಲ ಮುಗಿದ ಮೇಲೆ ಅವಳು ನನ್ನನ್ನೂ ಮಾರ್ಲಾಳನ್ನೂ ಅಂಗಳದ ತುದಿಯಲ್ಲಿ, ಕುಯ್ದ ಪೈನ್ ಮರದ ಬುಡದ ಮೇಲೆ ಕೂರಿಸಿದಳು. "ನೀವಿಬ್ಬರೂ ಊರಲ್ಲಿಲ್ಲ ಅಂದ್ಕೊಳ್ಳಿ. ಬಾಯಿ ಮುಚ್ಚಿ." ಆಮೇಲೆ ಅಮ್ಮನ ಕೈಗೂ ರೇಲಿನ್ ಕೈಗೂ ಶಟರನ್ನು ಒಳಗಿಂದಲೂ ಹೊರಗಿಂದಲೂ ತೆಗೆಯುವ ಒಂದೊಂದು ಬೀಗದ ಕೈ ಕೊಟ್ಟಳು.

ಅಜ್ಜಿ ಎಡಗಡೆಯಿಂದ, ಮೊಮ್ಮಗಳು ಬಲಗಡೆಯಿಂದ ಮುಚ್ಚುತ್ತಾ ಹೋದರು. "ಅಜ್ಜೀ, ಮೊದಲು ಕೆಳಗಿನ ಕೊಂಡಿ!" "ಗೊತ್ತು ಕಣೇ, ನಿನ್ನಪ್ಪನ್ನ ಹೆತ್ತವಳು ನಾನು, ಕೊಂಡಿ ಗೊತ್ತಿಲ್ವಾ?" ಇಪ್ಪತ್ತಾರು ನಿಮಿಷಕ್ಕೆ ಹನ್ನೊಂದು ಕಿಟಕಿ, ಒಂದು ಬಾಗಿಲು. ಇಬ್ಬರೂ ಒಳಗೆ ಹೋಗಿ ಮುಂಬಾಗಿಲು ಹಾಕಿಕೊಂಡರು. ಮನೆ ಮತ್ತೆ ಡಬ್ಬಿಯ ಹಾಗೆ ಕಂಡಿತು. ಈ ಸಲ ನನಗೆ ಖುಷಿಯಾಗಲಿಲ್ಲ. ಮಾರ್ಲಾ ನನ್ನ ಮಂಡಿಯ ಮೇಲೆ ಕೈಯಿಟ್ಟಳು. ರೇಲಿನ್ ಕೋಣೆಯ ಶಟರ್ ಸರಿಯಿತು. ಅವಳು ಇಳಿದಳು. ಹಿಂದೆ ಅಮ್ಮನ ತಲೆ ಕಂಡಿತು.

"ನನಗೆ ಇದು ಎತ್ತರ. ನಾನು ಬಾಗಿಲಲ್ಲೇ ಬರ್ತೀನಿ."

"ಬಾಗಿಲು ಇಲ್ಲ ಅಂದ್ಕೊಳ್ಳಿ ಮಿಸ್ ಆರ್ಡೆಲ್" ಎಂದಳು ಓಡೆಟ್.

ಅಮ್ಮ ಬಯ್ಯುತ್ತಾ ಒಳಗೆ ಹೋಗಿ, ಸ್ನಾನಕ್ಕೆ ಕೂರುವ ತನ್ನ ಪ್ಲಾಸ್ಟಿಕ್ ಸ್ಟೂಲು ತಂದು ಕಿಟಕಿಯಿಂದ ಹೊರಗೆ ಎಸೆದಳು. ರೇಲಿನ್ ಅದನ್ನು ಗೋಡೆಗೆ ಸೇರಿಸಿ ಹಿಡಿದಳು. ಅಮ್ಮ ಇಳಿದಳು. ಇಳಿದು, ಲಂಗ ಸರಿಮಾಡಿಕೊಂಡು, ಓಡೆಟ್ ಕಡೆ ತಿರುಗಿ, "ಈಗಲಾದ್ರೂ ಚಹಾ ಕುಡೀತೀಯಾ?" ಎಂದಳು.

"ಕುಡೀತೀನಿ" ಎಂದಳು ಓಡೆಟ್.

ಸೂಟ್‌ಕೇಸಿನ ಮಾತು ಯಾರೂ ಎತ್ತಲಿಲ್ಲ. ಆದರೆ ಅದು ಮಂಚದ ಕೆಳಗೂ ಹೋಗಲಿಲ್ಲ. ಆಗಸ್ಟಿನಲ್ಲಿ ರೇಲಿನ್‌ಗೆ ಇಲ್ಲಿನ ಸ್ಕೂಲೇ ಶುರುವಾಯಿತು, ಸೂಟ್‌ಕೇಸು ಗೋಡೆಗೊರಗಿ ನಿಂತೇ ಇತ್ತು.

ಸೆಪ್ಟೆಂಬರ್ ಎರಡನೇ ವಾರ ಗಾಳಿ ಬಂತು. ಹೋದ ವರ್ಷದಷ್ಟು ದೊಡ್ಡದಲ್ಲ, ಸಣ್ಣದೂ ಅಲ್ಲ. ನಾನು ದನದ ಸಂತೆ ಮೈದಾನದಲ್ಲಿ ಲಾರಿಯೊಳಗೆ, ಮಾರ್ಲಾ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ. ಗಾಳಿಗೆ ಆರು ಗಂಟೆ ಮೊದಲು ಅಮ್ಮನ ಫೋನು. "ಹಾಕಿದ್ವಿ. ಇಪ್ಪತ್ತೆರಡು ನಿಮಿಷ. ನಿನ್ನ ಮಗಳು ಗಡಿಯಾರ ಹಿಡ್ಕೊಂಡು ನನ್ನನ್ನ ಓಡಿಸ್ತಾಳೆ." ಆಮೇಲೆ ಫೋನ್ ಗೋಪುರಗಳು ಸತ್ತವು. ಮೂರು ದಿನ ಸುದ್ದಿಯಿಲ್ಲ. ನಾನು ಬೇರೆಯವರ ಕಂಬ ನಿಲ್ಲಿಸಿದೆ.

ನಾಲ್ಕನೇ ದಿನ ಮಧ್ಯಾಹ್ನ ನಾಲ್ಕು ತಾಸಿನ ರಜೆ ಸಿಕ್ಕಿತು. ನಮ್ಮ ಬೀದಿಯಲ್ಲಿ ಕೊಂಬೆಗಳು ಬಿದ್ದಿದ್ದವು. ಯಾರೋ ರಸ್ತೆಯ ಮರ ಕುಯ್ದು ಅಂಚಿಗೆ ಉರುಳಿಸಿದ್ದರು. ಮನೆ ನಿಂತಿತ್ತು. ಮುಂಬಾಗಿಲು ಮುಚ್ಚಿತ್ತು. ಶಟರುಗಳೆಲ್ಲ ಮುಚ್ಚಿದ್ದವು, ರೇಲಿನ್ ಕಿಟಕಿಯದ್ದು ಒಂದು ಬಿಟ್ಟು. ಅದರ ಕೆಳಗೆ, ಹೊರಗೆ, ಅಮ್ಮನ ಪ್ಲಾಸ್ಟಿಕ್ ಸ್ಟೂಲು. ಸ್ಟೂಲಿನ ನಾಲ್ಕು ಕಾಲೂ ಮಣ್ಣಲ್ಲಿ ಎರಡು ಬೆರಳು ಹೂತಿದ್ದವು.

ಮತ್ತೆ ಬಾಗಿಲು ಸಿಕ್ಕಿಕೊಂಡಿತೇ? ಓಡಿದೆ. ಹಿಡಿ ತಿರುಗಿಸಿ, ಬಾಗಿಲು ಬಡಿದೆ. ಒಳಗಿನಿಂದ ಚಿಲಕ ಹಾಕಿತ್ತು ಅಷ್ಟೇ, ಚೌಕಟ್ಟು ನೆಟ್ಟಗಿತ್ತು.

"ಬಾಗಿಲು ಬಡೀಬೇಡ!" ಒಳಗಿನಿಂದ ಅಮ್ಮನ ದನಿ. "ಬಾಗಿಲು ಬಳಸೋ ಹಾಗಿಲ್ಲ."

"ಯಾಕಮ್ಮಾ? ಕೆಟ್ಟಿದೆಯಾ?"

"ಬಾಗಿಲು ಚೆನ್ನಾಗೇ ಇದೆ, ಕೆಟ್ಟಿರೋದು ನಿನ್ನ ಮಗಳ ತಲೆ. ಗಾಳಿ ಶುರುವಾದಾಗಿಂದ ಎಲ್ಲರೂ ಕಿಟಕೀಲೇ ಓಡಾಡ್ಬೇಕಂತೆ. ಕಸ ಹಾಕೋಕೆ ಹೋಗೋದೂ ಕಿಟಕೀಲಿ. ಪಕ್ಕದ ಮನೆಯವರು ಸಾರು ಕೊಟ್ಟಿದ್ದೂ ಕಿಟಕೀಲಿ. ನೆನ್ನೆ ಲಮಾರ್ ಗರಗಸ ತಗೊಂಡು ವಿಚಾರಿಸೋಕೆ ಬಂದಿದ್ದ, ಅವನನ್ನೂ ಕಿಟಕೀಲೇ ಒಳಗೆ ಕರೆದ್ಲು. ಅವನ ಹೊಟ್ಟೆ ಅಲ್ಲೇ ಸಿಕ್ಕಿಹಾಕ್ಕೊಂಡು, ಕೊನೆಗೆ ಹೊರಗೇ ನಿಂತ್ಕೊಂಡು ಕಾಫಿ ಕುಡಿದ. ನನ್ನ ಸೊಂಟದ ಕತೆ ಕೇಳಬೇಡ."

ಕಿಟಕಿಯಲ್ಲಿ ರೇಲಿನ್ ಕಾಣಿಸಿಕೊಂಡಳು. ಕೂದಲು ಬಾಚಿರಲಿಲ್ಲ. ಅವಳ ಹಿಂದೆ ಕೋಣೆಯಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರೊಳಗೆ ಮೇಣದಬತ್ತಿ, ಬಿಸ್ಕತ್ತು, ಟಾರ್ಚು, ಇಸ್ಪೀಟು.

"ಐದನೇ ಕಿಟಕಿ ಸ್ವಲ್ಪ ಬಿಗಿ ಡ್ಯಾಡಿ. ಮರಳು ಕೂತಿದೆ. ಫೋನ್ ಬಂದ ತಕ್ಷಣ ಮಿಸ್ ಓಡೆಟ್‌ಗೆ ಹೇಳಬೇಕು."

"ನಾನೇ ತೊಳೀತೀನಿ ಬಿಡು."

"ಬೇಡ. ನಾನು ತೊಳೀತೀನಿ. ನೀನು ಕುರ್ಚಿ ಹಾಕ್ಕೊಂಡು ಕೂತ್ಕೋ."

ನಾನು ಸ್ಟೂಲಿನ ಮೇಲೆ ಕಾಲಿಟ್ಟೆ. ಅದು ಇನ್ನೊಂದು ಬೆರಳು ಹೂತುಕೊಂಡಿತು.

"ಡ್ಯಾಡೀ" ಎಂದಳು ಅವಳು, "ಬೂಟು ಬಿಚ್ಚು. ಒಳಗೆ ಕಾಲಿಡೋದು ನನ್ನ ಹಾಸಿಗೆ ಮೇಲೆ."

ಬೂಟು ಬಿಚ್ಚಿ ಅವಳ ಕೈಗೆ ಕೊಟ್ಟೆ. ಆಮೇಲೆ ನನ್ನ ಮನೆಯೊಳಗೆ ಕಿಟಕಿಯಿಂದ ಇಳಿದೆ.